ಯತೀಮ ಎಂದು ಬರೆಸಿದ ಬ್ಯಾನರ್

ನಮ್ಮ ಯಜಮಾನರಿಗೆ ಯಾರ ಮಾತಾದರೂ ಬೇಗ ತಲೆಗೇರುತ್ತದೆ, ನನ್ನದೊಂದನ್ನು ಬಿಟ್ಟು. ಮುಂಬೈಯ ಜೋಗೇಶ್ವರಿ ಸ್ಟೇಷನ್ನಿನ ಹತ್ತಿರ ಹೊಸ ಕೇಕ್ ಅಂಗಡಿ ಬಂದ ಮೇಲೆ ನಮ್ಮ ಬೇಕರಿಯ ಪದರು ಪದರಾದ ಖಾರಿ ಬಿಸ್ಕತ್ತು, ಪಾವ್ ಕೇಳುವವರು ಕಡಿಮೆಯಾಗಿದ್ದರು. ಆಗ ಬ್ಯಾನರ್ ಮಾಡುವ ನವೀನ ಬಂದು ಇವರ ಕಿವಿ ಊದಿದ.

"ಅಫ್ತಾಬಭಾಯ್, ಬರೇ ಮಾಲ್ ಮಾರಬ್ಯಾಡ್ರಿ. ಒಂದ್ ಛಲೋ ಕೆಲಸದ ಹೆಸರ ಜೋಡಸ್ರಿ. ಪಬ್ಲಿಕ್ ಖುಷೀಲೆ ತಗೋತದ."

ಯೋಚನೆಯೇನೂ ಕೆಟ್ಟದ್ದಲ್ಲ. ನಮ್ಮ ಭಟ್ಟಿಯ ಮುಂದೆ ವರ್ಷಗಟ್ಟಲೆ ದುಡಿದ ಶರೀಫ ಉಸಿರಿನ ಕಾಯಿಲೆಯಿಂದ ಬೇಕರಿಯ ಹಿಂದಿರುವ ಚಾಳಿನ ಒಂದು ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ. ಅವನ ಮಗಳು ನೂರೀನಳ ಶಾಲೆ ನಿಲ್ಲುವ ಹಾಗಿತ್ತು. ಪ್ರತಿ ಖಾರಿ ಪ್ಯಾಕೆಟಿನ ಲಾಭದಲ್ಲಿ ಒಂದು ಪಾಲು ಅವಳ ಓದಿಗೆ ಎಂದು ನಮ್ಮವರು ಹೇಳಿದಾಗ, ಸುಳ್ಳೇಕೆ, ನನಗೆ ಅವರ ಮೇಲೆ ಹೊಸದಾಗಿ ಪ್ರೀತಿ ಬಂತು. ಶರೀಫನ ಹೆಂಡತಿ ಜೈತುನಬಿ ಮಗಳಿಗೆ ಎರಡು ಜಡೆ ಹೆಣೆದು ಬ್ಯಾನರಿನ ಫೋಟೋಕ್ಕೆ ಕಳಿಸಿದಳು.

ಬ್ಯಾನರ್ ಬಂತು. ನೂರೀನ ನಗುತ್ತಿದ್ದಳು. ಕೆಳಗೆ ಹಿಂದಿಯಲ್ಲಿ ದಪ್ಪಕ್ಷರ: ಒಂದು ಪ್ಯಾಕೆಟ್ ಕೊಳ್ಳಿ, ಯತೀಮ ಮಗುವನ್ನು ಓದಿಸಿ. ಯತೀಮ ಎಂದರೆ ತಂದೆ ಸತ್ತ ಮಗು.

"ರೀ, ಶರೀಫಭಾಯ್ ಇನ್ನೂ ಜೀವಂತ ಅದಾನಲ್ರೀ!"

"ಗರೀಬ ಅಂತ ಬರದ್ರ ಯಾರ್ ನಿಂತ್ ನೋಡ್ತಾರ? ಯತೀಮ ಅಂದ್ರ ಮನಸ್ಸ ಕರಗ್ತದ. ಬಂಬೈದಾಗ ಯಾರ್ ಮನೀಗ್ ಹೋಗಿ ಕೇಳ್ತಾರ, ಬಿಡು."

ಜಗಳವಾಡಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಖಾರಿ ಮಾತ್ರ ಬಿಸಿ ಆರುವ ಮೊದಲೇ ಖಾಲಿಯಾಗತೊಡಗಿತು. ಕೊಂಡವರು ಬ್ಯಾನರಿನ ಫೋಟೋ ತೆಗೆದು ಊರಿಗೆಲ್ಲ ಕಳಿಸಿದರು.

ಮನೆಗೆ ಹೋಗಿ ಕೇಳುವವರೂ ಇದ್ದರು. ದಹಿಸರ್‌ನಲ್ಲಿರುವ ಶರೀಫನ ಅಕ್ಕ ಯಾರದೋ ಮೊಬೈಲಿನಲ್ಲಿ ಅದನ್ನು ನೋಡಿ, ಎದೆ ಬಡಿದುಕೊಳ್ಳುತ್ತ ಚಾಳಿಗೆ ಓಡಿ ಬಂದಳು. "ನನ್ನ ತಮ್ಮನ್ನ ಮಣ್ಣಿಗಿಟ್ಟು ನನಗ ಹೇಳ್ಲೇ ಇಲ್ಲಲ್ಲ!" ಎಂದು ಬಾಗಿಲಲ್ಲೇ ಜೈತುನಬಿಯ ಮೇಲೆ ಹರಿಹಾಯ್ದಳು. ಒಳಗೆ ಮಲಗಿದ್ದ ಶರೀಫ ಎಲ್ಲ ಕೇಳಿಸಿಕೊಂಡ. ಶಾಲೆಯಲ್ಲಿ ಗೆಳತಿಯರು, ಅಪ್ಪ ಯಾವಾಗ ಹೋದರು ಎಂದು ಕೇಳಿದ್ದಕ್ಕೆ ನೂರೀನ ಶಾಲೆಗೆ ಹೋಗುವುದನ್ನೇ ಬಿಟ್ಟಳು.

ನನಗೆ ಮೈ ಉರಿದುಹೋಯಿತು. "ಓದಸ್ತೀನಂತ ಹೊಂಟು ಸಾಲಿ ಬಿಡಿಸಿದ್ರಿ," ಎಂದೆ. ನಮ್ಮವರು ತಲೆಯೆತ್ತದೆ ಪಾವ್ ಜೋಡಿಸುತ್ತಲೇ ಇದ್ದರು.

ಅಂದು ಸಂಜೆ, ಗಿರಾಕಿಗಳು ತುಂಬಿದ್ದಾಗ, ಮಗಳ ಹೆಗಲು ಹಿಡಿದು ಶರೀಫನೇ ಬಂದ. ಹತ್ತು ಹೆಜ್ಜೆಗೊಮ್ಮೆ ನಿಂತು ಬಂದಿದ್ದನೆಂದು ಅವನ ಉಸಿರೇ ಹೇಳುತ್ತಿತ್ತು. ಬ್ಯಾನರಿನ ಕೆಳಗೆ ನಿಂತು ನೋಟೊಂದನ್ನು ಮುಂದೆ ಚಾಚಿದ.

"ಭಾಯ್, ನನಗೂ ಒಂದ್ ಪ್ಯಾಕೆಟ್ ಕೊಡ್ರಿ. ನಾ ಆ ಯತೀಮ ಹುಡುಗಿ ಅಪ್ಪ."

ಗಿರಾಕಿಗಳು ಒಮ್ಮೆ ಬ್ಯಾನರನ್ನು, ಒಮ್ಮೆ ಅವನನ್ನು ನೋಡಿದರು. ನಮ್ಮವರು ಸ್ಟೂಲ್ ಹತ್ತಿ ಬ್ಯಾನರ್ ಕಿತ್ತು, ಹರಿಯಲು ಹೋದರು.

"ತಪ್ಪಾತು ಶರೀಫ. ಯಾವ ಬ್ಯಾನರೂ ಹಾಕದಂಗ ಓದಸ್ತೀನಿ. ಕಸಂ."

ಶರೀಫ ಅವರ ಕೈ ಹಿಡಿದ. ಕೋಪವಿರಲಿಲ್ಲ ಅವನಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು.

"ಹರೀಬ್ಯಾಡ್ರಿ ಭಾಯ್. ಸುತ್ತಿ ಇಡ್ರಿ. ಇನ್ನ ಸ್ವಲ್ಪ ದಿನಕ್ಕ ಅದು ಖರೇ ಆಗ್ತದ."

ನೂರೀನ ಅಪ್ಪನ ಬಾಯಿಯ ಮೇಲೆ ಕೈಯಿಟ್ಟಳು.