ರಾಶಿಯ ಹೊರಮೈ

ಲ್ಯಾಬಿನ ಕೋಳಿ ವೈದ್ಯೆ ಹೆಸ್ಟರ್ ಇಪ್ಪತ್ತನೆಯ ಕೋಳಿಮರಿಯ ಕತ್ತನ್ನೂ ಲಟಕ್ಕನೆ ಮುರಿದಳು. ರೆಕ್ಕೆಬಡಿತ ನಿಂತ ಮೇಲೆ ಹೊಟ್ಟೆ ಸೀಳಿ, ಬಾಲದ ಬುಡದ ಪುಟ್ಟ ಚೀಲವನ್ನು ಹೊರಗೆಳೆದಳು. ಗುಂಡಗೆ, ದಪ್ಪಗಿತ್ತು. ರೋಗ ತಗುಲಿದ್ದರೆ ಅದು ಮುರುಟಿರುತ್ತಿತ್ತು.

"ಇದೂ ಚೆನ್ನಾಗಿದೆ, ಮರ್ವ್. ನೀವು ಕಳಿಸಿದ ಹಳೇ ಹೊಟ್ಟಿನ ಮೇಲೇ ಮೂರು ವಾರ ಬೆಳೆದಿವೆ. ವೈರಸ್ ಬದುಕಿದ್ದಿದ್ರೆ ಒಂದಾದ್ರೂ ಹೇಳ್ತಿತ್ತು."

"ಸತ್ತು ಸಾಕ್ಷಿ ಹೇಳೋರು! ಇಂಥೋರು ಕೋರ್ಟಲ್ಲೂ ಸಿಗಲ್ಲ ಬಿಡಮ್ಮ," ಎಂದು ಕೋಳಿ ಸಾಕುವ ಮರ್ವ್ ನಕ್ಕ. ಎಷ್ಟೋ ದಿನದ ಮೇಲೆ ಬಂದ ನಗು ಅದು.

ಕೋಳಿಗಳ ಹಿಂದಿನ ತಂಡಕ್ಕೆ ಈ ರೋಗ ಬಂದಾಗ ಅವನು ದಿನಕ್ಕೆ ಸಾವಿರ ಹೆಣ ಹೊತ್ತಿದ್ದ. ಇನ್ನೊಮ್ಮೆ ಹಾಗಾದರೆ ಮರಿ ಕೊಡುವವರು ಅವನ ಶೆಡ್ಡಿಗೆ ಬೀಗ ಜಡಿಯುತ್ತಿದ್ದರು. ಶೆಡ್ಡಿಗೆ ಹಾಸಲು ಮರದ ಹೊಸ ಹೊಟ್ಟು ಸಿಗದ ವರ್ಷ ನಮ್ಮ ಟ್ಯಾಮ್ವರ್ಥ್ ಕಡೆ ಎಲ್ಲರೂ ಹಳೆಯದನ್ನೇ ರಾಶಿ ಹಾಕಿ ಕಾವು ಬರಿಸುತ್ತಾರೆ. ನಡುವೆ ಒಮ್ಮೆ ಮಗುಚಿ ಹೊರಗಿನದನ್ನು ಒಳಗೆ ಮಾಡಿದರೆ ರೋಗ ಬೆಂದು ಸಾಯುತ್ತದೆ. ಮರ್ವ್ ದಿನಾ ರಾಶಿಯ ಒಡಲಿಗೆ ತಾಪಮಾಪಕ ಚುಚ್ಚಿ ಕಾವು ಎಷ್ಟಿದೆಯೆಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಮಗುಚುವ, ಪರೀಕ್ಷೆಗೆ ಮಾದರಿ ತೆಗೆಯುವ ಕೆಲಸ ಮಾತ್ರ ಅವನ ತಮ್ಮ ಕ್ಲೈಡನದು.

ಗುರುವಾರ ಹೊಟ್ಟು ಶೆಡ್ಡಿನ ತುಂಬ ಹರಡಿತ್ತು. ನಲವತ್ತು ಸಾವಿರ ಮರಿಗಳ ಲಾರಿ ಬಾಗಿಲಿಗೆ ಬಂದು ನಿಂತಾಗ ಮರ್ವ್‌ನ ಬೂಟಿಗೊಂದು ಹೆಂಟೆ ತಗುಲಿತು. ಒಡೆದು ನೋಡಿದ. ಹಿಂದಿನ ತಂಡದ ಸತ್ತ ಕೋಳಿ. ಒಂದು ಪುಕ್ಕವೂ ಬೆಂದಿರಲಿಲ್ಲ.

"ಲೋ ಕ್ಲೈಡ್, ರಾಶಿ ಮಗುಚಿದ್ದೆ ತಾನೆ?"

"ರಾಶಿ ಕೆದಕಿ ಶಾಖ ಹೊರಗೆ ಬಿಟ್ರೆ ಚರ್ಮ ಸುಲೀತೀನಿ ಅಂದೋನು ನೀನೇ ಅಲ್ವಾ?"

"ಹೆಸ್ಟರ್‌ಗೆ ಕಳಿಸಿದ ಮಾದರಿ ಎಲ್ಲಿಂದ ತೆಗೆದೆ?"

"ಒಳಗಿಂದ. ಚೆನ್ನಾಗಿ ಬೆಂದಿದ್ದ ಕಡೆ. ಜಾತ್ರೇಲಿ ತೋರ್ಸೋಕೆ ಯಾರಾದ್ರೂ ಕುಂಟು ಹೋರಿ ಕಳಿಸ್ತಾರಾ?"

ಸಲಿಕೆಯ ಹಿಡಿ ಕ್ಲೈಡನ ದವಡೆಗೆ ಬಿತ್ತು. ಎರಡನೆಯ ಏಟಿಗೆ ಪಕ್ಕೆಲುಬು ಮುರಿದ ಸದ್ದು ಕೇಳಿಸಿತು. ಕೆಳಗೆ ಬಿದ್ದವನ ಎದೆಯ ಮೇಲೆ ಮಂಡಿಯೂರಿ ಮರ್ವ್ ಹೊಟ್ಟನ್ನು ಹಿಡಿಹಿಡಿಯಾಗಿ ಅವನ ಬಾಯಿಗೆ ತುರುಕಿದ. ಒಡಹುಟ್ಟಿದವನ ಮೇಲೆ ಅಂಥ ಸಿಟ್ಟು ಬರಬಾರದು, ಬಂದಿತ್ತು.

"ಬೆಂದಿದೆಯಲ್ಲ, ತಿನ್ನು! ತಿನ್ನೋ ದರಿದ್ರದವನೇ!"

ಲಾರಿಯವನು ಕಾಲರು ಹಿಡಿದು ಎಳೆದ. ಕ್ಲೈಡ್ ಒಂದು ಹಲ್ಲನ್ನೂ ಹೊಟ್ಟನ್ನೂ ಒಟ್ಟಿಗೆ ಉಗುಳಿದ.

"ನೀನು ಹೇಳಿದ್ದನ್ನೇ ಮಾಡ್ದೆ ಕಣೋ," ಎಂದು ಅತ್ತ.

ಮಾತು ಮರ್ವ್‌ನದೇ ಆಗಿತ್ತು.

"ನಿಮ್ಮ ಮನೆ ಜಗಳ ಆಮೇಲಿರಲಿ," ಎಂದ ಲಾರಿಯವನು. "ರೋಗ ಹರಡುತ್ತೆ ಅಂತ ಗೇಟು ದಾಟಿದ ಮರಿ ವಾಪಸ್ ಹೋಗಲ್ಲ, ಗೊತ್ತಲ್ಲ? ಇಳಿಸ್ಲಾ, ಇಲ್ಲೇ ಗ್ಯಾಸ್ ಹಾಕಿ ಕೊಲ್ತೀಯಾ?"

ಲಾರಿಯೊಳಗಿಂದ ಚಿಂವ್‌ಗುಟ್ಟುವ ಸದ್ದು ಒಂದೇ ಸಮನೆ ಬರುತ್ತಿತ್ತು. ಮರ್ವ್ ರಕ್ತದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೊದಲ ಪೆಟ್ಟಿಗೆಯನ್ನು ತಾನೇ ಇಳಿಸಿಕೊಂಡು, ಮೆಲ್ಲಗೆ ಓರೆ ಮಾಡಿದ.

ಮರಿಗಳು ಉರುಳಿ ಬಿದ್ದವು. ಎದ್ದು ನಿಂತವು. ನಿನ್ನೆಯಿಂದ ಏನೂ ತಿಂದಿರದ ಅವು, ಕಾಲ ಕೆಳಗಿನ ಹೊಟ್ಟನ್ನು ಚಕಚಕನೆ ಕುಕ್ಕತೊಡಗಿದವು.