ಹಟ್ಟಿಕೇರಿಯ ಗಂಗೆಯ ಚೀಟಿ

ಒಣ ಸೀಗಡಿಯ ತಲೆ ಮುರಿದು ಮೊರಕ್ಕೆ ಹಾಕುತ್ತಿದ್ದೆ. ಜೂನ್ ಹತ್ತೊಂಬತ್ತಿರಬೇಕು. ಮಳೆಗಾಲಕ್ಕೆಂದು ಮೀನುಗಾರಿಕೆ ಬಂದ್ ಆಗಿ ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿ ನಿಂತಿದ್ದವು. ಅರ್ಧ ಮೊರವೂ ಆಗಿರಲಿಲ್ಲ, ಚಂದನಾ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ನನ್ನ ಮಗಳು, ಹತ್ತು ವರ್ಷ.

"ಆಯಿ, ಅಜ್ಜಿ ಚಾ ಬೇಡ ಅಂತು."

ಅಷ್ಟಕ್ಕೇ ನಾನು ಎದ್ದೆ. ನನ್ನ ಅತ್ತೆ ಕಾಶಿ ಒಂದು ವರ್ಷದಿಂದ ತಿನ್ನುವುದು ಕುಡಿಯುವುದು ಯಾವುದನ್ನೂ ಬೇಡ ಅಂದವರಲ್ಲ. ಬೆಳಿಗ್ಗೆ ಗಂಜಿ ಉಂಡು, ಕಾರವಾರದ ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿ ಇಳಿಸಿದ ಕೂಡಲೇ ಎರಡು ಬನ್ಸ್ ತರಿಸಿಕೊಳ್ಳುತ್ತಿದ್ದರು. ಈಗ ಹೋಗಿ ನೋಡಿದರೆ ಮಂಚದ ಅಂಚಿಗೆ ಕೂತಿದ್ದರು. ಬೆಳಗಿನ ಜಾವ ಎರಡು ಸಲ ವಾಂತಿಯಾಗಿತ್ತಂತೆ. ನನ್ನನ್ನು ಕಂಡು ಏಳಲು ಹೋದವರು ಬಾಗಿಲ ಚೌಕಟ್ಟು ಹಿಡಿದು, ಹಾಗೇ ಜಾರಿ ನೆಲಕ್ಕೆ ಕೂತರು.

"ಕಣ್ಣು ಕತ್ತಲೆ ಬರ್ತದೆ ಸುನೀತಾ. ಏನಿಲ್ಲ. ಪಿತ್ತ."

ಗಂಡ ದತ್ತಾ ಬಲೆ ರಿಪೇರಿಗೆ ಬೈತಖೋಲಕ್ಕೆ ಹೋಗಿದ್ದರು. ಫೋನು ಮಾಡಿ, ಆಟೋ ಕರೆಸಿ, ನಮ್ಮೂರು ಚಿತ್ತಾಕುಲದಿಂದ ಕಾರವಾರದ ಆಸ್ಪತ್ರೆಗೆ ಹೊರಟೆವು. ಶಾಲೆಗೆ ಹೋಗು ಎಂದರೆ ಚಂದನಾ ಕೇಳಲಿಲ್ಲ, ಅಜ್ಜಿಯ ಮಗ್ಗುಲಿಗೆ ಹತ್ತಿ ಕೂತಳು.

ಅವಳಿಗೆ ವರ್ಷದಿಂದಲೂ ಅಜ್ಜಿಯ ಮೈಯದೇ ಕುತೂಹಲ. ಕೆನ್ನೆ ಗುಂಡಗಾಗಿದ್ದನ್ನು ಎಲ್ಲರೂ ಕಂಡಿದ್ದರು. "ಕಾಶಿಗೆ ಮೈ ಬಂತು, ಸೊಸೆ ಕೈಗುಣ" ಎಂದು ಓಣಿಯವರು ನನ್ನನ್ನೇ ಹೊಗಳಿದ್ದರು. ಇವಳು ಮಾತ್ರ ಬೇರೆಯದನ್ನೂ ಕಂಡಿದ್ದಳು. "ಆಯಿ, ಅಜ್ಜಿ ಕುಪ್ಪಸ ಬಿಗಿ ಆಯ್ತು, ಬಳೆ ಸಡಿಲ ಆಯ್ತು. ಒಂದೇ ಅಜ್ಜಿ ದಪ್ಪನೂ ತೆಳ್ಳಗೂ ಹ್ಯಾಗೆ ಆಗ್ತದೆ?" ಬುಟ್ಟಿಯ ಅಂಚು ತಾಗಿದಷ್ಟಕ್ಕೇ ಅತ್ತೆಯ ಮುಂಗೈ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನೂ ಕೇಳಿದಳು. ಮಸಾಲೆ ರುಬ್ಬುತ್ತ ನಾನು ಏನೋ ಒಂದು ಹೇಳಿ ಸಾಗಹಾಕಿದ್ದೆ.

ಅತ್ತೆ ದಿನಾ ಗುಳಿಗೆ ನುಂಗುತ್ತಿದ್ದ ವಿಷಯ ನಮಗೆ ಗೊತ್ತಿರಲಿಲ್ಲವೆಂದಲ್ಲ. ಅಂಕೋಲೆ ತಾಲೂಕಿನ ಹಟ್ಟಿಕೇರಿಯಿಂದ ಗಂಗೆ ಎಂಬಾಕೆ ಬಸಲೆ, ಸೌತೆ ತಂದು ಅತ್ತೆಯ ಪಕ್ಕದಲ್ಲೇ ಮಾರಲು ಕೂರುತ್ತಾಳೆ. ಹಿಂದಿನ ವರ್ಷ ಆಕೆಯ ಬೆರಳ ಗಂಟು ಊದಿದಾಗ ಡಾಕ್ಟರೊಬ್ಬರು ಹತ್ತು ದಿನಕ್ಕೆಂದು ಗುಳಿಗೆಯ ಚೀಟಿ ಬರೆದುಕೊಟ್ಟಿದ್ದರು. ಎರಡೇ ದಿನಕ್ಕೆ ಊತ ಇಳಿಯಿತು. ಉಳಿದದ್ದರಲ್ಲಿ ನಾಲ್ಕನ್ನು ಅತ್ತೆಗೆ ಕೊಟ್ಟಳು. ಕುಕ್ಕರಗಾಲಲ್ಲಿ ಕೂತು ಕೂತು ಮಡಚಲು ಬಾರದಂತಾಗಿದ್ದ ಅತ್ತೆಯ ಮೊಣಕಾಲು ಮಾರನೇ ದಿನ ಹಗುರವಾಯಿತು. ಅಂದಿನಿಂದ ಆ ಚೀಟಿ ಗಂಗೆಯ ಮನೆಗೆ ಮರಳಲಿಲ್ಲ. ಆ ಸಾಲಿನ ಆರು ಹೆಂಗಸರ ಸೊಂಟದ ಚೀಲಗಳಲ್ಲಿ ಸುತ್ತಿತು. ಹೆಸರು ಗಂಗೆಯದು, ಮೊಣಕಾಲು ಯಾರದೋ. ಔಷಧಿ ಅಂಗಡಿಯವನೂ ಮಡಿಕೆ ಹರಿದ ಆ ಕಾಗದ ನೋಡಿ ಗುಳಿಗೆ ಕೊಡುತ್ತಿದ್ದ.

ಅವರಲ್ಲೊಂದು ಕಟ್ಟಳೆಯೂ ಇತ್ತು. ಗುಳಿಗೆ ದುಡಿಯುವ ದಿನಕ್ಕೆ. ಐಸು, ಬುಟ್ಟಿ, ಗುಳಿಗೆ ಎಲ್ಲ ಒಂದೇ ಲೆಕ್ಕ. ಜೂನ್ ಒಂದಕ್ಕೆ ಬಂದ್ ಶುರುವಾದ ದಿನ ಅತ್ತೆ ನಿಲ್ಲಿಸಿದರು. "ಬುಟ್ಟಿ ಇಳಿಸಿದ ಮೇಲೆ ತಲೆ ಮೇಲೆ ಸಿಂಬಿ ಯಾಕೆ?" ಎಂದರು. ನನಗೂ ಸಮಾಧಾನವಾಯಿತು. ಆಮೇಲೆ ಹಗಲೆಲ್ಲ ಮಲಗತೊಡಗಿದರು. ಕಡಲು ಬಂದ್ ಆದಾಗ ಮೈಯೂ ಬಿಡುವು ಬೇಡುತ್ತದೆ ಅಂದುಕೊಂಡೆ.

ಅದು ಸ್ಟೀರಾಯ್ಡ್ ಗುಳಿಗೆಯೆಂದು ತಿಳಿದದ್ದು ಆಮೇಲೆ. ನಮ್ಮ ದೇಹವೇ ಅಂಥದ್ದನ್ನು ದಿನವೂ ಒಂದಿಷ್ಟು ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಬಂದರೆ ಒಳಗಿನ ಕೆಲಸ ನಿಂತುಹೋಗುತ್ತದೆ. ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಿಡಬೇಕು. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರುವುದುಂಟು. ಗುಂಡಗಿನ ಕೆನ್ನೆ, ಆ ಹಸಿವು, ಮುಂಗೈಯ ಕಲೆ ಎಲ್ಲವೂ ಅದರದ್ದೇ. ಆ ದಿನ ಆಟೋದಲ್ಲಿ ಇದರ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ.

"ಡಾಕ್ಟರ ಹತ್ರ ಚೀಟಿ ಸುದ್ದಿ ತೆಗೀಬೇಡ," ಕಾಳಿ ಸೇತುವೆ ದಾಟುವಾಗ ಅತ್ತೆ ಎಂದರು. "ಗಂಗೆ ಹೆಸರು ಬರ್ತದೆ. ಪಾಪದ್ದು, ಕೊಟ್ಟಿದ್ದೇ ತಪ್ಪಾಯ್ತು ಅಂದ್ಕೊಳ್ತದೆ."

"ಈಗ ತಗೊಳ್ತಾ ಇಲ್ವಲ್ಲ ಅತ್ತೆ. ಸುದ್ದಿ ಯಾಕೆ ಬರ್ತದೆ?"

"ಅದೇ ಮತ್ತೆ. ಪೋರಿ, ನೀನೂ ಸುಮ್ನಿರ್ಬೇಕು."

ಚಂದನಾ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. "ಅಜ್ಜಿ, ಒಂದೇ ಒಂದು ಕೇಳ್ಲಾ?"

"ಬೇಡ. ನೀ ಕೇಳೂಕೆ ಹಿಡಿದ್ರೆ ಗೋವಾ ಮುಟ್ಟಿದ್ರೂ ಮುಗಿಯೂದಿಲ್ಲ."

ಆಸ್ಪತ್ರೆಯಲ್ಲಿದ್ದವರು ಕವಿತಾ ಎಂಬ ಡಾಕ್ಟರು. ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. ನಿನ್ನೆ ಏನು ತಿಂದಿರಿ ಎಂದು ಕೇಳಿದರು. ಒಣ ಬಂಗಡೆ, ಅನ್ನ.

"ಮುಖ ಸ್ವಲ್ಪ ಊದಿದ ಹಾಗಿದೆಯಲ್ಲ?"

"ಸೊಸೆ ಬಡಿಸ್ತಾಳೆ, ನಾ ತಿಂತೆ," ಎಂದರು ಅತ್ತೆ. ನಗಲು ನೋಡಿದರು, ಆಗಲಿಲ್ಲ.

"ಗುಳಿಗೆ ಏನಾದ್ರೂ ತಗೊಳ್ತಾ ಇದ್ದೀರಾ? ಬಿಪಿಗೆ, ಶುಗರಿಗೆ, ನೋವಿಗೆ?"

"ಎಂತದೂ ಇಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. "ಈಗ ಯಾವುದೂ ಇಲ್ಲ," ಎಂದೆ. ಸುಳ್ಳೇನೂ ಹೇಳುತ್ತಿದ್ದೇನೆಂದು ನನಗನ್ನಿಸಲಿಲ್ಲ. ಹದಿನೆಂಟು ದಿನದ ಹಿಂದೆ ಬಿಟ್ಟ ಗುಳಿಗೆಗೂ ಇವತ್ತಿನ ವಾಂತಿಗೂ ಏನು ಸಂಬಂಧ?

ಹೊಟ್ಟೆ ಕೆಟ್ಟಿರಬೇಕೆಂದು ಸಲೈನ್ ಹಾಕಿದರು. ಒಂದು ಬಾಟಲಿ ಇಳಿಯಿತು. ಅತ್ತೆಯ ಕೈ ಹಿಡಿದು ಕೂತಿದ್ದೆ. ಬೆವರಿ ತಣ್ಣಗಿತ್ತು. ಕರೆದರೆ ಹೂಂ ಅನ್ನುವುದೂ ನಿಧಾನವಾಯಿತು. ಡಾಕ್ಟರು ಬಂದು ಬಿಪಿ ಪಟ್ಟಿ ಸುತ್ತಿದರು. "ಇಷ್ಟು ನೀರು ಹೋದ್ರೂ ಏರ್ತಾ ಇಲ್ಲ. ಯಾಕೆ?" ಎಂದರು. ನಮ್ಮನ್ನು ಕೇಳಿದ್ದಲ್ಲ, ತಮ್ಮಷ್ಟಕ್ಕೆ ಅಂದುಕೊಂಡಿದ್ದು.

ದೊಡ್ಡವರ ಬಾಯಲ್ಲಿ ಆ 'ಯಾಕೆ' ಕೇಳಿ ಚಂದನಾ ಸ್ಟೂಲಿನಿಂದ ಎದ್ದಳು. ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಪೋರಿ," ಎಂದರು ಅತ್ತೆ, ಕಣ್ಣು ತೆರೆಯದೆ.

"ಗಂಗೆ ಅಮ್ಮನ ಹೆಸರು ನಾ ಹೇಳೂದಿಲ್ಲ ಅಜ್ಜಿ," ಎಂದಳು ಚಂದನಾ. ನಾನು ಅವಳ ಬೆನ್ನಿಗೆ ಕೈಯಿಟ್ಟು, "ಕೇಳು ಮಗಾ," ಎಂದೆ. ಅವಳು ಡಾಕ್ಟರ ಕಡೆ ತಿರುಗಿದಳು.

"ಹತ್ತು ತಿಂಗಳು ದಿನಾ ನುಂಗಿದ ಗುಳಿಗೆ ಒಂದೇ ದಿನ ಬಿಟ್ಟುಬಿಟ್ರೆ, ಬಿಟ್ಟಿದ್ದಕ್ಕೇ ಆರಾಮ ತಪ್ತದಾ ಡಾಕ್ಟರೇ?"