ಕರಿತಲೆಯವರ ಸಾಲು

ಮುದಿಯಪ್ಪನ ತಲೆ ಎಳೆಯ ವಯಸ್ಸಿನಲ್ಲೇ ನರೆಯಲು ಶುರುವಾಗಿತ್ತು. ಐವತ್ತು ದಾಟುವ ಹೊತ್ತಿಗೆ ಹುಡುಕಿದರೂ ಒಂದು ಕರಿಕೂದಲು ಸಿಗುತ್ತಿರಲಿಲ್ಲ. ಕುಷ್ಟಗಿ ಕಡೆಯ ಸಾಹುಕಾರರೊಬ್ಬರ ಹೊಲದಲ್ಲಿ ಮೀಸೆ ಮೂಡುವ ಮೊದಲಿನಿಂದ ದುಡಿದವನು ಅವನು. ಒಂದು ಯುಗಾದಿಯ ಮರುದಿನ ಸಾಹುಕಾರರು ಬೇರೊಬ್ಬ ಗಟ್ಟಿ ಆಳನ್ನು ಇಟ್ಟುಕೊಂಡು, "ನೀ ಇನ್ನ ಕುಂತು ಉಣ್ಣೋ ಮುದಿಯಪ್ಪ" ಎಂದರು. ಎಲ್ಲಿ ಕೂತು, ಯಾರ ಮನೆಯ ರೊಟ್ಟಿ ಉಣ್ಣಬೇಕೆಂದು ಮಾತ್ರ ಹೇಳಲಿಲ್ಲ. ಇದ್ದೊಬ್ಬ ಮಗ ಪ್ಲೇಗಿನಲ್ಲಿ ಹೋಗಿದ್ದ. ಹೆಣ್ಣುಮಕ್ಕಳಿಬ್ಬರು ಗಂಡಂದಿರ ಮನೆಗಳಲ್ಲಿ ತಮ್ಮ ಪಾಡಿಗೆ ತಾವು ಕಷ್ಟಪಡುತ್ತಿದ್ದರು.

ಯುದ್ಧ ಮುಗಿದ ಮರುವರ್ಷ ಅದು. ಗಿಣಿಗೇರಾದ ಆಚೆಯ ಗುಡ್ಡದಲ್ಲಿ ಗುತ್ತಿಗೆದಾರನೊಬ್ಬ ಕಲ್ಲುಗಣಿ ತೆಗೆದಿದ್ದಾನೆ, ಬಂದವರಿಗೆಲ್ಲ ಕೂಲಿ ಸಿಗುತ್ತದೆ ಎಂಬ ಸುದ್ದಿ ಹಬ್ಬಿತು. ಮುದಿಯಪ್ಪ, ಅವನ ಹೆಂಡತಿ ಹಂಪವ್ವ ಗಂಟುಮೂಟೆ ಕಟ್ಟಿಕೊಂಡು ನಡೆದೇ ಹೋದರು. ಆಳುಗಳನ್ನು ಆರಿಸುವವನು ಹುಲಿಗೆಪ್ಪ ಎಂಬ ಮುಕಾದಮ. ಬೆಳಗ್ಗೆ ಜನರನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿದ್ದ ಬೆತ್ತದಿಂದ ತೋರಿಸುತ್ತ ನಡೆಯುತ್ತಿದ್ದ. ಹಂಪವ್ವನನ್ನು ಜಲ್ಲಿ ಒಡೆಯುವ ಹೆಂಗಸರ ಗುಂಪಿಗೆ ಕಳಿಸಿದ. ಮುದಿಯಪ್ಪನ ತಲೆ ನೋಡಿ, "ಹಿಂದ ಸರಿ ಅಜ್ಜಾ" ಎಂದು ಮುಂದೆ ಹೋದ. ಮುಖವನ್ನು ನೋಡಿದಂತೆಯೂ ಕಾಣಲಿಲ್ಲ.

ಕೂಲಿಯವರು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಹಂಪವ್ವ ದಿನವಿಡೀ ಕಲ್ಲು ಒಡೆದು ಬರುವಷ್ಟರಲ್ಲಿ ಮುದಿಯಪ್ಪ ನೀರು ತಂದು, ಹಿಟ್ಟು ನಾದಿ, ಒಲೆ ಮುಂದೆ ಕೂತಿರುತ್ತಿದ್ದ. ಅವನು ತಟ್ಟಿದ ರೊಟ್ಟಿ ದಪ್ಪಗಿರುತ್ತಿತ್ತು, ಅಂಚು ಒಡೆದಿರುತ್ತಿತ್ತು. ಪಕ್ಕದ ಗುಡಿಸಲಿನ ಹೆಂಗಸರು ನಗುತ್ತಿದ್ದರು. ಬರಬರುತ್ತ ಅವನು ಊಟ ಕಡಿಮೆ ಮಾಡಿದ. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದ. ಅದನ್ನು ನೋಡಲಾರದೆ ಹಂಪವ್ವ ಒಂದು ಸಂತೆಯ ದಿನ ಕೊಪ್ಪಳಕ್ಕೆ ಹೋಗಿ ಇಮಾಮಬಾನುವಿನ ಮುಂದೆ ಕೂತಳು.

ಇಮಾಮಬಾನು ಸಂತೆಯಲ್ಲಿ ಮದರಂಗಿ, ಸುರಮಾ, ನೀಲಿ ಎಲೆಯ ಪುಡಿ ಮಾರುವ ಮುದುಕಿ. ಎಷ್ಟೋ ಮನೆಗಳ ಗಡ್ಡಗಳಿಗೆ ಖಿಜಾಬಿನ ಕರಿಬಣ್ಣ ಹಚ್ಚಿದ ಕೈ ಅವಳದು. ಹಂಪವ್ವ ತಲೆಗೆ ಹಚ್ಚುವ ಬಣ್ಣ ಕೇಳಿದಳು.

"ಯಾರಿಗಿದು? ನಿನಗೇನು?" ಎಂದು ಕೇಳಿದಳು.

"ನಮ್ಮನಿಯಾವಗ, ಬೂಬಮ್ಮ. ಬೆಳ್ಳನ ತಲಿ ನೋಡಿ ಕೆಲಸಕ್ಕ ತಗೊಳವಲ್ರು."

ಇಮಾಮಬಾನು ನಗಲಿಲ್ಲ. "ಮೊದಲ ಮದರಂಗಿ ಹಚ್ಚು. ಅದು ತೊಳದ ಮ್ಯಾಲೆ ನೀಲಿ. ಪೂರಾ ಕರಿ ಮಾಡಬ್ಯಾಡ, ಕಾಗಿ ಕುಂತಂಗ ಕಾಣತೈತಿ. ಕಿವಿ ಹತ್ರ ನಾಕು ಬೆಳ್ಳನವು ಹಂಗ ಬಿಡು. ಅವನ್ನ ನೋಡಿದವರು ಉಳದದ್ದು ಖರೇ ಅಂತ ತಿಳಕೊತಾರ."

"ಮತ್ತ ಬುಡ ಬೆಳದಾಗ?"

"ಹಾಂ, ಸಿಕ್ಕೊಂಡು ಬೀಳೋದು ಅಲ್ಲೇ ನೋಡು. ಅದಕ್ಕಂತ ಪದೇ ಪದೇ ಎಲಿ ಹಚ್ಚಿದರ ಕೂದಲ ಸುಟ್ಟು ಕೆಂಪಗಾಗತಾವ. ದೀಪದ ಕಾಡಿಗಿ ಹಿಡಿ, ಔಡಲೆಣ್ಣಿ ಒಂದ ಹನಿ, ಅಷ್ಟ. ಬೆರಳ ತುದಿಲೆ ಬುಡಕ್ಕ ಮುಟ್ಟಿಸು. ಸವರಬ್ಯಾಡ. ಆಮ್ಯಾಲೆ ಒಣ ಅರಿವಿಲೆ ಒತ್ತಿ ತಗಿ. ಎಣ್ಣಿ ಉಳೀತು ಅಂದರ ಬೆವರಿನ ಕೂಡ ಇಳೀತೈತಿ. ಹೊಳಪು ಕಂಡರ ಒಂದ ಚಿಟಿಕಿ ಧೂಳ ಹಾಕು."

ಹಂಪವ್ವ ಹಾಗೆಯೇ ಮಾಡಿದಳು. ತಲೆಗೆ, ಹುಬ್ಬಿಗೆ, ಮೀಸೆಗೆ ಹಚ್ಚಿದಳು. ಎದೆಯ ಕೂದಲಿಗೆ ಮಾತ್ರ ಪುಡಿ ಸಾಲಲಿಲ್ಲ. "ಅಂಗಿ ಬಿಚ್ಚಬ್ಯಾಡ" ಎಂದಳು. ಮರುದಿನ ಸಾಲಿನಲ್ಲಿ ಹುಲಿಗೆಪ್ಪ ಮುದಿಯಪ್ಪನ ಎದುರು ನಿಂತ.

"ವಯಸ್ಸೆಷ್ಟು?"

"ನಲವತ್ತರ ಮ್ಯಾಲಾತ್ರಿ."

ಹುಲಿಗೆಪ್ಪ ಅವನ ತಲೆಯನ್ನು ಸ್ವಲ್ಪ ಹೊತ್ತು ನೋಡಿ, ಬೆತ್ತವನ್ನು ಗುಡ್ಡದ ಕಡೆ ಎತ್ತಿದ. "ಮ್ಯಾಲ ಹೋಗು."

ಮೇಲೆ ಎಂದರೆ ಬಂಡೆ ಸಿಡಿಸುವ ಜಾಗ. ಸಿಡಿದ ಕಲ್ಲುಗಳನ್ನು ಹಾರೆ ಹಾಕಿ ಮೀಟಿ, ಹಗ್ಗ ಬಿಗಿದು, ಇಬ್ಬಿಬ್ಬರು ಹೆಗಲ ಮೇಲೆ ಬೊಂಬು ಹೊತ್ತು ಇಳಿಜಾರಿನಲ್ಲಿ ಕೆಳಗೆ ತರಬೇಕು. ಗಟ್ಟಿಮುಟ್ಟಾದವರ ಕೆಲಸ. ಮುದಿಯಪ್ಪ ಮೊದಲ ದಿನ ಗುಡಿಸಲಿಗೆ ಬಂದವನೇ ಮಲಗಿಬಿಟ್ಟ. ಆದರೆ ಮರುದಿನವೂ ಹೋದ. ಉಳಿದವರು ಅಂಗಿ ಕಳಚಿ ಗಾಳಿಗೆ ಮೈಯೊಡ್ಡಿದರೆ ಇವನು ಮಾತ್ರ ಬೆವರಿನಲ್ಲಿ ನೆನೆದ ಅಂಗಿಯಲ್ಲೇ ಇರುತ್ತಿದ್ದ. ಹುಡುಗರು ಅವನನ್ನು ಅಣ್ಣ ಎಂದು ಕರೆಯತೊಡಗಿದರು. ಎಷ್ಟೋ ವರ್ಷಗಳಿಂದ ಅಜ್ಜ ಎಂದೇ ಕೇಳಿದ್ದ ಕಿವಿಗೆ ಅದು ಹಿತವಾಗಿತ್ತು. ಈಗ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಹಂಪವ್ವನಿಗೂ ಅದೊಂದು ಸುಖದ ಕಾಲವೇ. ಬೆಳಗಿನ ಜಾವ ಬೇರೆಯವರು ಏಳುವ ಮೊದಲು ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಬೈತಲೆ ತೆಗೆದಂತೆ ಕೂದಲು ಸರಿಸಿ, ಬುಡಬುಡಕ್ಕೆ ಕಾಡಿಗೆ ಮುಟ್ಟಿಸುತ್ತಿದ್ದಳು. ಮದುವೆಯಾದಾಗಿನಿಂದ ಅವನ ತಲೆಯನ್ನು ಅವಳು ಹಾಗೆ ಹಿಡಿದವಳೇ ಅಲ್ಲ. ಅವನು ಕಣ್ಣು ಮುಚ್ಚಿ ಮಗುವಿನಂತೆ ಸುಮ್ಮನಿರುತ್ತಿದ್ದ.

ಮಳೆಗಾಲ ಕಳೆಯುವ ಹೊತ್ತಿಗೆ ಅವನ ಕೈ ನಡುಗಲು ಶುರುವಾಯಿತು. ತಂಬಿಗೆ ಹಿಡಿದರೆ ನೀರು ಚೆಲ್ಲುತ್ತಿತ್ತು. ಏದುಸಿರು ಕೂತರೂ ನಿಲ್ಲುತ್ತಿರಲಿಲ್ಲ. ಅದೇ ಸುಮಾರಿಗೆ ಗಣಿಯಲ್ಲಿ ಗುತ್ತಿಗೆದಾರನ ಒಂದು ಹೊಸ ಹುಕುಂ ಬಂತು. ವಯಸ್ಸಾದ ಗಂಡಸರನ್ನು ನೀರು ಕೊಡುವುದಕ್ಕೆ, ಸಾಮಾನು ಕಾಯುವುದಕ್ಕೆ ಇಟ್ಟುಕೊಳ್ಳಬೇಕು ಎಂದು. ಮೊದಲು ಹಿಂದೆ ಸರಿಸಿದ್ದ ಬಿಳಿತಲೆಯವರನ್ನು ಹುಲಿಗೆಪ್ಪನೇ ಕರೆದು ನೆರಳಿನಲ್ಲಿ ಕೂರಿಸಿದ. ಹಂಪವ್ವ ಸುತ್ತಿಗೆ ಎತ್ತಿದವಳು ಹಾಗೇ ನೋಡುತ್ತ ಕೂತಳು.

ಅವತ್ತು ಸಂಜೆ ಗಂಡನಿಗೆ ಹೇಳಿದಳು: "ಇನ್ನ ಹಚ್ಚೂದು ಬ್ಯಾಡ. ಬೆಳ್ಳಗ ಬಿಟ್ಟಬಿಡೂಣು. ನೀರಿನ ಕೊಡ ಹಿಡಕೊಂಡು ನೆಳ್ಳಾಗ ಕುಂದ್ರಬಹುದು."

"ಹುಚ್ಚಿ ಅದಿ. ನಲವತ್ತು ಅಂತ ಹೇಳೀನಿ. ಸುಳ್ಳ ಹೇಳಿದಿ ಅಂತ ಇಬ್ಬರನ್ನೂ ಓಡಸ್ತಾನ."

"ಓಡಸಿದರ ಓಡಸಲಿ. ಜೀವ ಇದ್ದರ ಎಲ್ಲೆರ ದುಡಿತೀವಿ."

"ಬೆಳ್ಳನ ತಲಿ ಇಟಗೊಂಡು ಎಲ್ಲಿ ದುಡೀಲಿ?" ಎಂದು ಮುದಿಯಪ್ಪ ರೇಗಿದ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ನನ್ನ ಅಣ್ಣಾ ಅಂತಾರ" ಎಂದ.

ಹಂಪವ್ವ ಮುಂದಿನ ಸಂತೆಗೆ ಹೋಗಿಬಂದು, ಇಮಾಮಬಾನುವಿನ ಹತ್ತಿರ ಪುಡಿ ಮುಗಿದಿದೆ ಎಂದು ಸುಳ್ಳು ಹೇಳಿದಳು. ಕಾಡಿಗೆ ಹಚ್ಚಲು ಕರೆದರೆ ಕೈ ಬಾತಿದೆ ಎಂದಳು. ಬುಡ ಬೆಳೆದು ಬೆಳ್ಳಗಾದರೆ ಹುಲಿಗೆಪ್ಪನೇ ಕಂಡು ಕೆಳಗಿಳಿಸಲಿ ಎಂಬುದು ಅವಳ ಲೆಕ್ಕ. ಕರಿಕೂದಲಿನ ಬುಡದಲ್ಲಿ ಬೆರಳಗಲ ಬಿಳುಪು ಎದ್ದಿತು. ಮುದಿಯಪ್ಪ ರುಮಾಲು ಬಿಗಿದುಕೊಂಡು ಹೋದ. ಸೆಕೆಗೆ ರುಮಾಲು ಜಾರುತ್ತಿತ್ತು. ಅವನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದ.

ಒಂದು ಬೆಳಗ್ಗೆ ಹಂಪವ್ವ ನೀರಿಗೆ ಹೋದಾಗ ಅವನೇ ದೀಪದ ಕಾಡಿಗೆ ಕೆರೆದು, ಬಟ್ಟಲ ತುಂಬ ಎಣ್ಣೆ ಕಲಸಿ, ತಲೆಗೆಲ್ಲ ಸವರಿಕೊಂಡು ಹೊರಟುಹೋಗಿದ್ದ. ಅವಳು ಬಂದು ಬಟ್ಟಲು ನೋಡಿದಳು. ಗುಡ್ಡ ಹತ್ತಿ ಹೋಗಿ ಒರೆಸಿಬರಲೇ ಎಂದುಕೊಂಡಳು. ಎಲ್ಲರೆದುರಿಗೆ ಹೇಗೆ ಒರೆಸುವುದು? ಇವತ್ತು ಹೇಗೂ ಸಿಕ್ಕಿಬೀಳುತ್ತಾನೆ, ಒಳ್ಳೆಯದೇ ಆಯಿತು ಎಂದುಕೊಂಡು ತನ್ನ ಕೆಲಸಕ್ಕೆ ಹೋದಳು.

ಬಿಸಿಲು ನೆತ್ತಿಗೆ ಬಂದಾಗ ಮೇಲಿನಿಂದ ಕೂಗು ಕೇಳಿಸಿತು. ಆಮೇಲೆ ಕಲ್ಲು ಉರುಳುವ ಸದ್ದು. ಬಂಡೆಗೆ ಹಾರೆ ಕೊಟ್ಟು ಹಿಡಿದಿದ್ದವನ ಕಣ್ಣಿಗೆ ಬೆವರಿನೊಡನೆ ಎಣ್ಣೆ ಕಾಡಿಗೆ ಇಳಿದಿತ್ತು. ಉರಿ ತಾಳದೆ ಒಂದು ಕೈ ಬಿಟ್ಟು ಕಣ್ಣೊರೆಸಿಕೊಂಡನಂತೆ. ಅಷ್ಟಕ್ಕೇ ಹಾರೆ ಜಾರಿತು. ಹಂಪವ್ವ ಓಡಿ ಹೋಗುವಷ್ಟರಲ್ಲಿ ಕಲ್ಲನ್ನು ಸರಿಸಿದ್ದರು. ಮುಖದ ಮೇಲೆಲ್ಲ ಕಪ್ಪು ಗೆರೆಗಳು ಗದ್ದದವರೆಗೆ ಇಳಿದಿದ್ದವು. ಉಸಿರು ಇರಲಿಲ್ಲ.

ಸಂಜೆಯೊಳಗೆ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ಆಮೇಲೆ ಬಂದು ಅವನ ಕರಿತಲೆಯನ್ನಷ್ಟೇ ಕಂಡಿದ್ದ ಹೆಂಗಸರು, "ಸಣ್ಣ ವಯಸ್ಸಿನ್ಯಾಂವ, ಬಾಳಬೇಕಾದಂವ" ಎಂದು ಹಾಡಿಕೊಂಡು ಅತ್ತರು. ಹಂಪವ್ವನಿಗೆ ಅಳು ಬರಲಿಲ್ಲ. ಹಚ್ಚದೆ ಬಿಟ್ಟದ್ದೂ ತಾನೇ, ಮೊದಲು ಹಚ್ಚಿದ್ದೂ ತಾನೇ. ಯಾವುದಕ್ಕೆ ಅಳಬೇಕೆಂದು ತಿಳಿಯಲಿಲ್ಲ.

ಕೆಲವು ದಿನ ಗುಡಿಸಲಲ್ಲೇ ಬಿದ್ದಿದ್ದು, ಒಂದು ಮಧ್ಯಾಹ್ನ ಎದ್ದು ಹುಲಿಗೆಪ್ಪನ ಹತ್ತಿರ ಹೋದಳು. ಅವನು ಬೇವಿನ ಗಿಡದ ಕೆಳಗೆ ಎಲೆಅಡಿಕೆ ಮಡಚುತ್ತ ಕೂತಿದ್ದ.

"ಯಪ್ಪಾ, ನಿಮಗ ಒಂದು ಮಾತು ಹೇಳಬೇಕ್ರಿ. ನಮ್ಮನಿಯಾಂವ ಮುದುಕ ಇದ್ದನ್ರಿ. ತಲಿಗೆ ನಾನಾ ಕರೇದು ಹಚ್ಚತಿದ್ದೆ. ನಿಮಗ ಮೋಸ ಮಾಡಿದ್ವಿರಿ."

ಹುಲಿಗೆಪ್ಪ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತಬೇ."

"ಯಾವಾಗ ಗೊತ್ತಾತ್ರಿ?"

"ಹಚಗೊಂಡು ಬಂದ ದಿನಾನ. ಅದರ ಮುಂಚೆ ನಾನಾ ಅವನ್ನ ಹಿಂದ ಸರಸಿದ್ನಲ್ಲ. ತಲಿ ಕರ್ರಗಾದರ ಕುತಗಿ ತೊಗಲು ಬಿಗಿ ಆಗತೈತೇನು?"

"ಮತ್ಯಾಕ ಮ್ಯಾಲ ಕಳಿಸಿದ್ರಿ? ಹುಕುಂ ಬಂದ ಮ್ಯಾಲರ ಆ ಅಜ್ಜಗಳ ಕೂಡ ನೆಳ್ಳಾಗ ಕುಂದ್ರಸಬೇಕಿತ್ತಲ್ರಿ."

"ಬಣ್ಣ ಹಚಗೊಂಡು ಬಂದೋರು ಭಾಳ ದುಡಿತಾರ" ಎಂದ ಹುಲಿಗೆಪ್ಪ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ. "ಹುಡುಗರು ಎರಡು ಕಲ್ಲಿಗೆ ಒಮ್ಮೆ ಕುಂದರತಾರ. ಇವರು ಕುಂದ್ರಂಗಿಲ್ಲ. ಎಲ್ಲಿ ಸಿಕ್ಕೊಂಡು ಬೀಳತೀವೋ ಅಂತ ಹೆದರಿಕಿ ಇರತೈತಿ." ಎಲೆ ಬಾಯಿಗಿಟ್ಟು ಎದ್ದು, "ನಾಳಿಂದ ಕೆಲಸಕ್ಕ ಬಾ. ಕುಂತರ ಹೊಟ್ಟಿಗೆ ಯಾರು ಹಾಕ್ತಾರ?" ಎಂದು ಹೋದ.

ಮರುದಿನ ಹಂಪವ್ವ ಹೋದಳು. ಬೇರೆ ದಾರಿ ಇರಲಿಲ್ಲ. ಹೆಂಗಸರ ಗುಂಪಿಗೆ ಹೋಗುವ ಮೊದಲು ಗಂಡಸರ ಸಾಲಿನ ಪಕ್ಕದಲ್ಲೇ ನಡೆದಳು. ಇಷ್ಟು ದಿನ ಒಂದೇ ತಲೆ ನೋಡುತ್ತಿದ್ದವಳಿಗೆ ಅವತ್ತು ಎಲ್ಲರ ತಲೆಯೂ ಕಂಡಿತು. ಒಬ್ಬನ ಕಿವಿಯ ಮೇಲಿನ ಚರ್ಮಕ್ಕೆ ನೀಲಿ ಹತ್ತಿಕೊಂಡಿತ್ತು. ಇನ್ನೊಬ್ಬನ ಮೀಸೆ ಕರ್ರಗೆ, ಗದ್ದದ ಕೂಳೆ ಬೆಳ್ಳಗೆ. ಸಾಲಿನ ಕೊನೆಯಲ್ಲಿ ಗುಂಡಿ ಹಾಕಿದ ಅಂಗಿಯವನೊಬ್ಬ ನಿಂತಿದ್ದ. ಅವನ ರುಮಾಲಿನ ಅಂಚಿನಲ್ಲಿ ಎಣ್ಣೆಗಪ್ಪು ಕಟ್ಟಿತ್ತು.

ಹಂಪವ್ವ ಅವನ ಹತ್ತಿರ ಹೋಗಿ ಮೆಲ್ಲಗೆ, "ಹಚ್ಚಬ್ಯಾಡ ಅಜ್ಜಾ. ಅವಗ ಎಲ್ಲಾ ಗೊತ್ತೈತಿ" ಎಂದಳು.

ಅವನು ಬೆಚ್ಚಿ ಅಕ್ಕಪಕ್ಕ ನೋಡಿದ. ಮುಖ ಗಂಟಿಕ್ಕಿತು. "ಯಾರಿಗೆ ಅಜ್ಜ ಅಂತಿ? ಕಣ್ಣ ಕಾಣಂಗಿಲ್ಲೇನು ನಿನಗ?" ಎಂದು ಗದರಿದ. ರುಮಾಲನ್ನು ಹುಬ್ಬಿನ ತನಕ ಎಳೆದುಕೊಂಡು, ಹಾರೆಯನ್ನು ಹೆಗಲಿಗೇರಿಸಿ, ಮುಂದೆ ಹೋಗುತ್ತಿದ್ದ ಹುಡುಗರನ್ನು ಹಿಂದೆ ಹಾಕಿ ಗುಡ್ಡ ಹತ್ತತೊಡಗಿದ.